ಪರದೆ ಮಾವ ಓದದ ಕಾದಂಬರಿ

ಪರದೆ ಮಾವನಿಗೆ ಸಾಹಿತ್ಯದ ಮೇಲೆ ದ್ವೇಷವೇನೂ ಇರಲಿಲ್ಲ. ಆದರೆ ಅದು ಪ್ರತಿ ಭಾನುವಾರ ಸಂಜೆ ತಪ್ಪದೆ ತನ್ನ ಮನೆಗೇ ಬಂದು, ತನ್ನ ಸೋಫಾದಲ್ಲೇ ಕಾಲು ಚಾಚಿ ಕೂರುತ್ತದೆ ಎಂಬ ಸಣ್ಣ ತಕರಾರು ಮಾತ್ರ ಇತ್ತು.

ಅವನ ಕೆಲಸ ಪರದೆ ಅಂಗಡಿಯಲ್ಲಿ. ಗಿರಾಕಿಗಳ ಮನೆಗೆ ಹೋಗಿ ಕಿಟಕಿಗಳ ಅಳತೆ ತೆಗೆದು ತರುವುದು, ಹೊಲಿಗೆ ಮುಗಿದ ಮೇಲೆ ಮತ್ತೆ ಹೋಗಿ ತೂಗುಹಾಕಿ ಬರುವುದು. ಹಾಗಾಗಿ ಅವನಿದ್ದ ಬಾಡಿಗೆ ಕಟ್ಟಡದಲ್ಲಿ ಎಲ್ಲರೂ ಅವನನ್ನು ಪರದೆ ಮಾವ ಎಂದೇ ಕರೆಯುತ್ತಿದ್ದರು. ಅವನಿಗಿಂತ ಎಷ್ಟೋ ದೊಡ್ಡವಳಾದ ಮೂರನೇ ಮಹಡಿಯ ಅಜ್ಜಿಗೂ ಅವನು ಮಾವನೇ.

ಸಾಹಿತ್ಯವನ್ನು ಮನೆಗೆ ಕರೆತಂದವನು ಹೆಂಡತಿಯ ತಮ್ಮ. ಭಾಮೈದ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು, ಸಮಾಜವಾದಿ. ಅವನ ಕೋಣೆಯಲ್ಲಿ ಪುಸ್ತಕಗಳು ಎಷ್ಟು ತುಂಬಿದ್ದವೆಂದರೆ ಅವನೇ ಅಡ್ಡಡ್ಡ ನಡೆದು ಮಂಚ ಸೇರಬೇಕಿತ್ತು. ಆದ್ದರಿಂದ ಅವನ ಸಾಹಿತ್ಯ ಮತ್ತು ರಾಜಕೀಯ ವಿಚಾರ ಕೂಟ ಅಕ್ಕನ ಮನೆಯ ನಡುಮನೆಯಲ್ಲಿ ಸೇರುತ್ತಿತ್ತು. ಗಡ್ಡದ ಕವಿಯೊಬ್ಬ, ಕಾಲೇಜಿನ ಇನ್ನಷ್ಟು ಜನ. ಅವರು ಬಂಡವಾಳಶಾಹಿಯನ್ನು ಬುಡಸಮೇತ ಕೀಳುವಷ್ಟರಲ್ಲಿ ಪರದೆ ಮಾವ ಚಹಾ ಮಾಡಿ, ಹಂಚಿ, ಲೋಟ ತೊಳೆದು, ಕೂರಲು ಜಾಗವಿಲ್ಲದೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದ.

ಈಚೆಗೆ ಇನ್ನೊಂದು ತೊಂದರೆ ಸೇರಿತ್ತು. ಊರಿನ ಚುನಾವಣೆ ಹತ್ತಿರ ಬಂದಿತ್ತು. ಕಟ್ಟಡದ ಮಾಲೀಕ ತಾರಸಿಗೆ ಬೀಗ ಜಡಿದಿದ್ದ. ಅಧಿಕಾರದಲ್ಲಿದ್ದ ಪಕ್ಷದ ಅಭ್ಯರ್ಥಿಯ ದೈತ್ಯಾಕಾರದ ಬೋರ್ಡನ್ನು ಅಲ್ಲಿ ನಿಲ್ಲಿಸಲು ಒಪ್ಪಿಕೊಂಡಿದ್ದನಂತೆ. ಪ್ರತಿಯಾಗಿ ಅವನಿಗೆ ನಗರ ಸೌಂದರ್ಯ ಸಮಿತಿಯ ಸದಸ್ಯತ್ವವಂತೆ. ನಗರದ ಸೌಂದರ್ಯ ಏನಾಯಿತೋ, ಕಟ್ಟಡದ ಸೌಂದರ್ಯವಂತೂ ಹೋಯಿತು. ತಾರಸಿಯಲ್ಲಿ ಒಣಗುತ್ತಿದ್ದ ಬಟ್ಟೆಗಳೆಲ್ಲ ಮನೆಯೊಳಗೆ ಬಂದವು. ಒದ್ದೆ ಪ್ಯಾಂಟುಗಳ ಕಾಲುಗಳನ್ನು ಎರಡು ಕೈಯಲ್ಲಿ ಸರಿಸಿ ಜನ ಊಟಕ್ಕೆ ಕೂರಬೇಕಾಯಿತು. ಮೂರನೇ ಮಹಡಿಯ ಅಜ್ಜಿಯ ಮರಿಮಗುವಿಗೆ ಒಣಗದ ಬಟ್ಟೆಯಿಂದ ಶೀತ ಹಿಡಿದು ಬಿಡದಾಯಿತು.

ಆ ಭಾನುವಾರ ಕೂಟದ ಮುಂದಿದ್ದದ್ದು ಒಂದು ದಪ್ಪ ಕಾದಂಬರಿ, ಬಟ್ಟೆ ಗಿರಣಿಯ ಕಾರ್ಮಿಕರ ಕಥೆ. ಹಾಸಿಗೆ ಬಟ್ಟೆಯೊಂದು ತಲೆಯ ಮೇಲೆ ತೊಟ್ಟಿಕ್ಕುತ್ತಿದ್ದರೂ ಲೆಕ್ಕಿಸದೆ ಭಾಮೈದ ಮಾತಾಡುತ್ತಿದ್ದ.

"ಈ ಕೃತಿಯ ಜೀವ ಇರೋದು ರಾಣಿಯಲ್ಲಿ. ಗಮನಿಸಿ, ರಾಣಿ ಕೊನೆವರೆಗೂ ಒಂದು ಮಾತೂ ಆಡಲ್ಲ. ಅದು ಅವಳೊಬ್ಬಳ ಮೌನ ಅಲ್ಲ, ದುಡಿಯುವ ವರ್ಗದ ಮೌನ. ಹೆಸರು ರಾಣಿ, ಬದುಕು ಹೊರೆ ಎಳೆಯೋದು. ಎಂಥ ವ್ಯಂಗ್ಯ ನೋಡಿ."

ಕವಿ ಕಣ್ಣೊರೆಸಿಕೊಂಡ. ಒರೆಸಿಕೊಂಡ ಕೈಯನ್ನೇ ಚಾಚಿ ಪರದೆ ಮಾವನಿಂದ ಚಹಾ ತೆಗೆದುಕೊಂಡು, "ಪಾಪ, ಇವರಿಗೆ ಇದೆಲ್ಲ ಬೇಜಾರು. ಕಿಟಕಿ ಬಾಗಿಲಿನ ಜನ" ಎಂದ.

ಪರದೆ ಮಾವ ಸುಮ್ಮನಿದ್ದುಬಿಡುತ್ತಿದ್ದನೋ ಏನೋ. ಆದರೆ ಹೆಂಡತಿ ಅಡುಗೆಮನೆಯಿಂದ ಇದನ್ನು ಕೇಳಿಸಿಕೊಂಡು ಹೌದೆಂಬಂತೆ ತಲೆಯಾಡಿಸಿದಳು. ಕವಿಯ ಮಾತಿಗಿಂತ ಆ ತಲೆಯಾಟ ಅವನಿಗೆ ಚುಚ್ಚಿತು.

"ನಾನೂ ಓದಿದ್ದೀನಿ ಅದನ್ನ" ಎಂದುಬಿಟ್ಟ.

ಧೂಳು ಒರೆಸಿದ್ದು ಓದಿದ ಲೆಕ್ಕಕ್ಕೆ ಬರುವುದಾದರೆ ಅದು ನಿಜವೇ. ಎಲ್ಲರೂ ಅವನತ್ತ ತಿರುಗಿದರು.

"ಹೌದಾ ಭಾವ? ಏನನ್ನಿಸ್ತು?"

ಪರದೆ ಮಾವ ಸುತ್ತ ನೋಡಿದ. ಸೋಫಾದಲ್ಲಿ ಕವಿ, ಕುರ್ಚಿಯಲ್ಲಿ ಭಾಮೈದ, ತನ್ನ ಮಂಚದ ಮೇಲೆ ಸಾಲಾಗಿ ಉಳಿದವರು. ತಾನೊಬ್ಬ ನಿಂತಿದ್ದೇನೆ. ಆ ಕ್ಷಣದಲ್ಲಿ ಅವನ ತಲೆಯಲ್ಲಿ ಇದ್ದದ್ದು ಒಂದೇ ವಿಚಾರ. ಅದೇ ಬಾಯಿಂದ ಬಂತು.

"ಎಲ್ಲ ಸರಿ. ಆದರೆ ಮನೆ ಯಾರದ್ದು?"

ಕವಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

"ಮನೆ ಯಾರದ್ದು" ಎಂದು ಭಾಮೈದ ಪಿಸುಗುಟ್ಟಿದ. "ಆಸ್ತಿಯ ಪ್ರಶ್ನೆ. ನಾನು ಮೌನದ ಬಗ್ಗೆ ಇಷ್ಟು ಹೊತ್ತು ಕೊರೆದೆ. ಭಾವ ಎರಡೇ ಪದದಲ್ಲಿ ಮೂಲಕ್ಕೆ ಕೈ ಹಾಕಿದ್ರು."

"ಇವರನ್ನ ನಾವು ಇಷ್ಟು ದಿನ ನಿಲ್ಲಿಸಿಟ್ಟಿದ್ವಲ್ಲ" ಎಂದು ಕವಿ ಎದ್ದುನಿಂತು ಸೋಫಾ ಬಿಟ್ಟುಕೊಟ್ಟ. ಪರದೆ ಮಾವ ಕೂತ. ಆ ಸೋಫಾ ಅಷ್ಟು ಮೆತ್ತಗಿದೆಯೆಂದು ಅವನಿಗೆ ಅಂದೇ ಗೊತ್ತಾದದ್ದು. ಹೆಂಡತಿ ಬಾಗಿಲಲ್ಲಿ ಕಾಣಿಸಿಕೊಂಡು, ಮದುವೆಯಾದಾಗಿನಿಂದ ಮೊದಲ ಬಾರಿಗೆ, ಅವನಿಗೆ ಚಹಾ ತಂದುಕೊಟ್ಟು ಸಕ್ಕರೆ ಸಾಕೇ ಎಂದು ಕೇಳಿದಳು. ಮನುಷ್ಯ ಹಾಳಾಗುವುದು ಇಂಥ ಗಳಿಗೆಯಲ್ಲೇ.

ಕವಿ ಸುಮ್ಮನೆ ಹೋಗುವ ಪೈಕಿ ಅಲ್ಲ. ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡೇ ಓಡಾಡುವವನು. ಇಳಿದು ಹೋಗುವಾಗ ಪ್ರತಿ ಮಹಡಿಯ ಗೋಡೆಯ ಮೇಲೂ ದಪ್ಪ ಅಕ್ಷರದಲ್ಲಿ "ಮನೆ ಯಾರದ್ದು?" ಎಂದು ಬರೆದು, ಕೆಳಗೆ "ಪರದೆ ಮಾವ" ಎಂದು ಗೌರವದಿಂದ ಸೇರಿಸಿ ಹೋದ.

ಮರುದಿನ ಬೆಳಿಗ್ಗೆ ಅಜ್ಜಿ ಬಾಗಿಲು ಬಡಿದಳು. "ಮಾವ, ತಾರಸಿ ಬೀಗ ಒಡೆಯೋದು ಯಾವಾಗ? ಮಗು ಬಟ್ಟೆ ಬಕೆಟ್‌ನಲ್ಲಿ ರೆಡಿ ಇದೆ."

"ಯಾರು ಅಜ್ಜಿ ಹೇಳಿದ್ದು ನಿಮಗೆ?"

"ನೀವೇ ಬರೆದಿದ್ದೀರಲ್ಲಪ್ಪ. ನಿಮ್ಮ ಧೈರ್ಯ ನೋಡಿ ನಮ್ಮ ಮಹಡಿಯೋರು ಕೆಳಗೆ ಉತ್ತರಾನೂ ಬರೆದಿದ್ದಾರೆ."

ಹೋಗಿ ನೋಡಿದರೆ ಮೂರನೇ ಮಹಡಿಯಲ್ಲಿ "ನಮ್ಮದು" ಎಂದಿತ್ತು. ಎರಡನೆಯದರಲ್ಲಿ "ನಮ್ಮೆಲ್ಲರದು" ಎಂದಿತ್ತು. ನೆಲಮಹಡಿಯಲ್ಲಿ, ಮಾಲೀಕನ ಮನೆಯ ಎದುರು, ಯಾರೋ ಇದ್ದಿಲಿನಿಂದ "ನನ್ನದು" ಎಂದು ಒತ್ತಿ ಬರೆದು ಸಹಿಯನ್ನೂ ಹಾಕಿದ್ದರು. ಸಹಿ ಮಾಲೀಕನದೇ.

ಪರದೆ ಮಾವ ಅದನ್ನೆಲ್ಲ ಅಳಿಸಿಬಿಡಲು ಹೊರಟ. ಒದ್ದೆ ಬಟ್ಟೆ ಹುಡುಕಲು ವಾಪಸು ಓಡಿದ. ಒದ್ದೆ ಬಟ್ಟೆಗೇನು ಬರವೇ, ಮನೆ ತುಂಬ ಅದೇ. ತಲೆಗೆ ಸಿಕ್ಕ ಷರಟೊಂದನ್ನು ಎಳೆದುಕೊಂಡು ಗೋಡೆ ಉಜ್ಜತೊಡಗಿದ. ಮೇಲೆ ಬಂದ ಪಕ್ಕದ ಮನೆಯವನು ನೋಡಿ ಮೆಚ್ಚುಗೆಯಿಂದ, "ಇನ್ನೂ ದೊಡ್ಡದಾಗಿ ಬರೀತೀರಾ? ನನ್ನ ಹತ್ತಿರ ಬಣ್ಣ ಇದೆ" ಎಂದ.

ಸಂಜೆ ಅಂಗಡಿಯಿಂದ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ಮಾಲೀಕ ನಿಂತಿದ್ದ. ಪಕ್ಕದಲ್ಲಿ ಪೊಲೀಸ್ ಇನ್ಸ್‌ಪೆಕ್ಟರು. ಹಿಂದೆ, ಮುಂದೆ, ಮೇಲೆ, ಕೆಳಗೆ ಕಟ್ಟಡದ ಜನವೆಲ್ಲ. ಹೆಂಡತಿ ಹೇಳಿಕಳಿಸಿದ್ದರಿಂದ ಭಾಮೈದನೂ ಕವಿಯೂ ಓಡಿಬಂದಿದ್ದರು.

"ಈ ಕಟ್ಟಡ ನಿಮ್ಮದು ಅಂತ ಹೇಳ್ಕೊಂಡು ತಿರುಗ್ತಿದ್ದೀರಂತೆ" ಎಂದರು ಇನ್ಸ್‌ಪೆಕ್ಟರು.

"ನಾನು ಹೇಳಿಲ್ಲ ಸಾರ್. ಕೇಳಿದೆ ಅಷ್ಟೆ."

"ಏನಂತ?"

"ಮನೆ ಯಾರದ್ದು ಅಂತ."

"ಒಪ್ಪಿಕೊಂಡ" ಎಂದ ಮಾಲೀಕ. "ಬರ್ಕೊಳ್ಳಿ, ಒಪ್ಪಿಕೊಂಡ."

"ಅಯ್ಯೋ, ಅದು ಒಂದು ಕಾದಂಬರಿ ವಿಚಾರ ಸಾರ್."

ಇನ್ಸ್‌ಪೆಕ್ಟರು ಟೋಪಿ ತೆಗೆದು ಬೆವರು ಒರೆಸಿಕೊಂಡರು. ಮೆಟ್ಟಿಲ ಹತ್ತಿರ ಗಾಳಿ ಆಡುತ್ತಿರಲಿಲ್ಲ. "ನೋಡಿ, ಪುಸ್ತಕದ ಮಾತಾದರೆ ಪುಸ್ತಕದ್ದು. ನನಗೇನೂ ತಕರಾರಿಲ್ಲ. ಪುಸ್ತಕದಲ್ಲಿಲ್ಲ, ನಿಮ್ಮದೇ ಮಾತು ಅಂದ್ರೆ ಠಾಣೆಗೆ ನಡೀರಿ. ಎಲ್ಲಿದೆ ತೋರಿಸಿ."

ಹೆಂಡತಿ ಪುಸ್ತಕ ತಂದಳು. ಪರದೆ ಮಾವ ಅದನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಮಗುಚಿದ. ಇರುವೆ ಸಾಲಿನಂಥ ಅಕ್ಷರ. ಕಣ್ಣು ಭಾಮೈದನ ಕಡೆ ಹೋಯಿತು. "ಯಾವ ಪುಟ, ನೀನೇ ಹೇಳು."

"ಅದು... ಅಲ್ಲಲ್ಲಿ ಇದೆ ಭಾವ."

"ಒಂದು ಪುಟ ಅಂತ ಹೇಳೋಕಾಗಲ್ಲ" ಎಂದ ಕವಿ. "ಇಡೀ ಕೃತಿಯಲ್ಲಿ ಹರಡಿಕೊಂಡಿದೆ."

"ಹಾಗಾದ್ರೆ ಮೊದಲಿಂದ ಓದಿ" ಎಂದು ಇನ್ಸ್‌ಪೆಕ್ಟರು ಮೆಟ್ಟಿಲ ಮೇಲೆ ಕೂತರು. "ಬಂದಾಗ ನಿಲ್ಲಿಸಿ."

ಪರದೆ ಮಾವ ಓದತೊಡಗಿದ. ಜೀವನವಿಡೀ ಉದ್ದ ಅಗಲ ಕೂಗಿ ಹೇಳಿದ ಗಂಟಲು. ಮೊದಲ ಪುಟವನ್ನು ಕಿಟಕಿಯ ಅಳತೆ ಕೂಗಿದ ಹಾಗೇ ಓದಿದ. ಎರಡನೆಯ ಪುಟದಲ್ಲಿ ಗಿರಣಿಯ ಸೈರನ್ನು ಮೊಳಗಿತು. ಮೂರನೆಯದರಲ್ಲಿ ತುಂಬು ಬಸುರಿಯೊಬ್ಬಳಿಗೆ ಮಗ್ಗಗಳ ನಡುವೆಯೇ ನೋವು ಕಾಣಿಸಿಕೊಂಡಿತು. ಮೇಸ್ತ್ರಿ ಯಂತ್ರ ನಿಲ್ಲಿಸುವುದಿಲ್ಲ ಎಂದ. ಪರದೆ ಮಾವನ ದನಿ ತಾನೇ ತಾನಾಗಿ ಏರಿತು.

"ಆಮೇಲೆ?" ಎಂದಳು ಅಜ್ಜಿ. "ಮಗು ಉಳೀತಾ?"

"ಓದ್ತಿದ್ದೀನಲ್ಲ ಅಜ್ಜಿ, ತಡೀರಿ."

ಮಗು ಉಳಿಯಿತು. ಕಟ್ಟಡವೇ ನಿಟ್ಟುಸಿರು ಬಿಟ್ಟಿತು. ಬಾಣಂತಿಯನ್ನು ಮನೆಗೆ ಸಾಗಿಸಲು ಗಿರಣಿಯ ಗಾಡಿಯನ್ನೇ ಕಾರ್ಮಿಕರು ಹೊರಡಿಸಿಕೊಂಡು ಹೋಗುವ ಘಟ್ಟ ಬಂತು. ಪರದೆ ಮಾವ ಓದಿದ: "ರಾಣಿ ಬಾಲ ಬೀಸಿ ನೊಣ ಓಡಿಸಿ, ಗೊರಸು ಊರಿ ಗಾಡಿಯನ್ನು ಎಳೆದಳು."

ಓದು ನಿಂತಿತು. ಹೆಂಡತಿ ನಿಧಾನವಾಗಿ ತಮ್ಮನ ಕಡೆ ತಿರುಗಿದಳು. "ನಿನ್ನೆ ಹೇಳಿದೆಯಲ್ಲ, ಒಂದು ಮಾತೂ ಆಡಲ್ಲ ಅಂತ. ಆ ರಾಣಿ ಇವಳೇನಾ?"

ಭಾಮೈದನ ಮುಖ ಹುಳ್ಳಗಾಯಿತು. ಆದರೂ ಅವನು ತತ್ವ ಬಿಡಲಿಲ್ಲ. "ಕುದುರೆಯೂ ದುಡಿಯುವ ವರ್ಗವೇ ಅಕ್ಕ" ಎಂದ.

"ಓದಿ ಓದಿ" ಎಂದರು ಇನ್ಸ್‌ಪೆಕ್ಟರು. "ಗಾಡಿ ಹೋಯ್ತಾ ಇಲ್ವಾ?"

ಗಾಡಿ ಹೋಗುವಷ್ಟರಲ್ಲಿ ಪಕ್ಕದ ಕಟ್ಟಡದವರೂ ಬಂದು ಸೇರಿದ್ದರು. ಮೆಟ್ಟಿಲಲ್ಲಿ ಕಾಲಿಡಲು ಜಾಗವಿಲ್ಲ. ಕೆಳಗೆ ಸಿಕ್ಕಿಬಿದ್ದಿದ್ದ ಮಾಲೀಕ, "ಜೋರಾಗಿ ಓದಿ, ಕೇಳಿಸ್ತಿಲ್ಲ" ಎಂದು ಕೂಗಿದ. ಇನ್ನೂ ಜೋರಾಗಿ ಓದಿದರೂ ಕೇಳಿಸಲಿಲ್ಲ. ಕೊನೆಗೆ ಅವನು ಜನರನ್ನು ಸೀಳಿಕೊಂಡು ಮೇಲೇರಿ, "ಉಸಿರು ಕಟ್ತಿದೆ ಇಲ್ಲಿ, ಎಂಥ ಜನ ನೀವು" ಎಂದು ಗೊಣಗುತ್ತ, ಸೊಂಟದಿಂದ ಬೀಗದ ಕೈ ತೆಗೆದು ತಾರಸಿಯ ಬಾಗಿಲು ತೆರೆದೇಬಿಟ್ಟ. ತಾನು ಏನು ಮಾಡಿದೆನೆಂದು ಅವನಿಗೆ ಹೊಳೆಯುವ ಮೊದಲೇ ಎಲ್ಲರೂ ಮೇಲಿದ್ದರು. ಅಜ್ಜಿ ಬಕೆಟ್ಟಿನ ಸಮೇತ ಇದ್ದಳು.

ಹೀಗೆ ಶುರುವಾದ ಓದು ದಿನದಿನದ ಮಾತಾಯಿತು. ಸಂಜೆ ಮಾಲೀಕ ಬಾಗಿಲು ತೆರೆಯುವನು. ಓದು ಮುಗಿದೊಡನೆ ಜನರನ್ನು ಇಳಿಸಿ ಬೀಗ ಹಾಕುವನು. ಕಾದಂಬರಿಗೆ ತೆರೆಯುತ್ತಿದ್ದ ಬಾಗಿಲು ಬಿಸಿಲಿಗೆ ತೆರೆಯುತ್ತಿರಲಿಲ್ಲ. ಮಗುವಿನ ಶೀತವೂ ಬಿಡಲಿಲ್ಲ. ಆದರೆ ಕಟ್ಟಡದಲ್ಲಿ ಹೊಸ ಹುರುಪು ಬಂದಿತ್ತು. ನೀರಿನ ನಲ್ಲಿಯ ಹತ್ತಿರ ಹೆಂಗಸರು ಗಿರಣಿಯ ಮುಷ್ಕರ ಸರಿಯೇ ತಪ್ಪೇ ಎಂದು ವಾದಿಸುತ್ತಿದ್ದರು. ಗಿರಣಿ ಧಣಿಗೂ ಈ ಸಲದ ಅಭ್ಯರ್ಥಿಗೂ ಮೂಗು ಒಂದೇ ಥರ ಎಂದು ಒಬ್ಬರು, ಮೂಗಲ್ಲ ನಾಲಿಗೆ ಎಂದು ಇನ್ನೊಬ್ಬರು. ವರ್ಷಗಟ್ಟಲೆ ಅಕ್ಕನ ಸೋಫಾದಲ್ಲಿ ಜನಜಾಗೃತಿ ಮಾಡುತ್ತಿದ್ದ ಭಾಮೈದ, ಜನ ನಿಜವಾಗಿಯೂ ಎದ್ದು ಕೂತಿದ್ದು ಕಂಡು ದಿಕ್ಕುತೋಚದೆ ಅವರ ನಡುವೆ ಓಡಾಡುತ್ತಿದ್ದ. ಯಾರೂ ಅವನ ಭಾಷಣ ಕೇಳುತ್ತಿರಲಿಲ್ಲ. "ನಿಮ್ಮ ಕುದುರೆ ಕ್ಷೇಮವಾ ಮೇಷ್ಟ್ರೇ" ಎಂದು ಮಾತ್ರ ವಿಚಾರಿಸುತ್ತಿದ್ದರು. ಇನ್ಸ್‌ಪೆಕ್ಟರು ತನಿಖೆಗೆಂದು ತಪ್ಪದೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು.

ಕಾದಂಬರಿ ಮುಗಿಯುವ ದಿನ ಮಧ್ಯಾಹ್ನ ಮಾಲೀಕ ಪರದೆ ಅಂಗಡಿಗೆ ಬಂದ. ಬಟ್ಟೆಯ ಸುರುಳಿಗಳ ಸಂದಿಗೆ ಪರದೆ ಮಾವನನ್ನು ಕರೆದುಕೊಂಡು ಹೋಗಿ ದನಿ ತಗ್ಗಿಸಿದ.

"ಕೊನೆಗೆ ಆ ಧಣಿ ಒಳ್ಳೆಯವನಾಗ್ತಾನಾ?"

"ಗೊತ್ತಿಲ್ಲ. ನಾನಿನ್ನೂ ಓದಿಲ್ಲ." ಈ ಪುಸ್ತಕದ ಬಗ್ಗೆ ಪರದೆ ಮಾವ ಆಡಿದ ಮೊದಲ ನಿಜ ಇದು.

"ಒಳ್ಳೆಯವನಾದ ಅಂತ ಓದಿಬಿಡಿ. ಅವನ ಮನಸ್ಸು ಕರಗಿತು, ಗಿರಣಿ ಬಾಗಿಲು ತೆಗೆದ, ಎಲ್ಲರೂ ಅವನನ್ನ ಹೊಗಳಿದರು ಅಂತ ಒಂದು ನಾಲ್ಕು ಸಾಲು ಸೇರಿಸಿ. ತಾರಸಿ ಬೀಗದ ಕೈ ನಿಮ್ಮ ಕೈಗೆ ಹಾಕ್ತೀನಿ. ಬೋರ್ಡೂ ಬೇಡ ಅಂತೀನಿ."

"ಯಾಕೆ ಸಾರ್?"

ಮಾಲೀಕ ಒಂದು ಪರದೆಯ ಅಂಚನ್ನು ಬೆರಳಲ್ಲಿ ಸುತ್ತುತ್ತ ನಿಂತ. "ಧಣಿ ಗಿರಣಿಗೆ ಬೀಗ ಹಾಕಿದ ಅಧ್ಯಾಯದಿಂದ ಮನೆಯಲ್ಲಿ ಇವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಊಟ ಬಡಿಸ್ತಾಳೆ, ಮುಖ ನೋಡಲ್ಲ."

ಪರದೆ ಮಾವ ಪೇಚಿಗೆ ಬಿದ್ದ. ನಾಲ್ಕು ಸಾಲು ಸುಳ್ಳಿಗೆ ಒಂದು ತಾರಸಿ ಬರುತ್ತದೆ. ಮನೆಗೆ ಹೋಗಿ, ಓದಿಗೆಂದು ಬಂದು ಕೂತಿದ್ದ ಕೂಟದ ಮುಂದೆ ವಿಷಯ ಇಟ್ಟ.

"ಇದರಲ್ಲಿ ಯೋಚನೆ ಏನು ಭಾವ" ಎಂದ ಭಾಮೈದ. "ಸಾಹಿತ್ಯ ಇರೋದು ಜನರ ಹಿತಕ್ಕೆ. ತಾರಸಿ ಸಿಕ್ಕರೆ ಜನರ ಹಿತ. ಹಾಗಾಗಿ ತಪ್ಪು ಓದೋದೇ ಸರಿಯಾದ ಓದು."

"ಒಂದು ಸಾಲು ತಿದ್ದಿದರೂ ನಾನು ಕೂಟ ಬಿಟ್ಟೆ" ಎಂದ ಕವಿ. "ಧಣಿಯ ಮನಸ್ಸು ಕರಗೋದಂತೆ. ಇದು ಶುದ್ಧ ರಾಜಿ. ಸುಧಾರಣಾವಾದ."

"ನೀನು ವ್ಯಕ್ತಿವಾದಿ."

"ನೀನು ಕುದುರೆವಾದಿ."

ಮಾತಿಗೆ ಮಾತು ಬೆಳೆದು ಕೂಟ ಎರಡು ಬಣವಾಯಿತು. ಒಂದು ಬಣ ಸೋಫಾದಲ್ಲಿ ಉಳಿಯಿತು, ಇನ್ನೊಂದು ಮಂಚ ಹಿಡಿಯಿತು. ಪರದೆ ಮಾವ ಹೆಂಡತಿಯ ಮುಖ ನೋಡಿದ. ಅವಳು, "ನನ್ನ ಕೇಳಬೇಡಿ. ಕೊನೆ ಏನು ಅಂತ ಗೊತ್ತಾಗೋವರೆಗೂ ನನ್ನ ಕೈಯಲ್ಲಿ ಕೆಲಸ ಓಡ್ತಿಲ್ಲ. ಏಳಿ ಮೇಲಕ್ಕೆ" ಎಂದಳು.

ಆ ಸಂಜೆ ತಾರಸಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಓದು ಶುರುವಾಗಿ ಸ್ವಲ್ಪ ಹೊತ್ತಿಗೆ ಮೆಟ್ಟಿಲಲ್ಲಿ ಗದ್ದಲ ಕೇಳಿತು. ಅಭ್ಯರ್ಥಿಯ ಕಡೆಯ ಆಳುಗಳು ಬೋರ್ಡು ಹೊತ್ತುಕೊಂಡು ಬಂದಿದ್ದರು. ಮುಖವೇ ಒಂದು ಕೋಣೆಯಷ್ಟಿತ್ತು. ನಗು ಬಾಗಿಲಲ್ಲಿ ತೂರದೆ ಓರೆಯಾಗಿ ಒಳಗೆ ಬಂತು.

"ಎಲ್ಲಿ ನಿಲ್ಲಿಸಬೇಕು ಯಜಮಾನ್ರೇ?" ಎಂದು ಅವರ ಮುಖಂಡ ಕೇಳಿದ.

"ಶ್" ಎಂದ ಮಾಲೀಕ. "ಕಡೇ ಅಧ್ಯಾಯ ನಡೀತಿದೆ. ಕೆಳಗಿಟ್ಟು ಕೂತ್ಕೊಳ್ಳಿ."

ಅವರು ಬೋರ್ಡನ್ನು ನೆಲದ ಮೇಲೆ ಮಲಗಿಸಿ, ಬೇರೆ ಜಾಗವಿಲ್ಲದ್ದರಿಂದ ಅಭ್ಯರ್ಥಿಯ ಹಣೆಯ ಮೇಲೆ ಸಾಲಾಗಿ ಕೂತರು. ಇನ್ನೂ ನಾಲ್ಕು ಜನ ಬಂದು ಕೆನ್ನೆಯ ಮೇಲೆ ಕೂತರು.

ಪರದೆ ಮಾವ ಓದುತ್ತ ಓದುತ್ತ ಆ ಜಾಗಕ್ಕೆ ಬಂದ. ಗಿರಣಿಗೆ ಬೀಗ ಬಿದ್ದಿದೆ. ಕಾರ್ಮಿಕರು ಹೊರಗೆ ಮಳೆಯಲ್ಲಿ ನಿಂತಿದ್ದಾರೆ. ಧಣಿ ಕಿಟಕಿಯ ಹತ್ತಿರ ಬರುತ್ತಾನೆ. ಇಲ್ಲೇ ಸೇರಿಸಬೇಕು, ನಾಲ್ಕು ಸಾಲು. ತಲೆಯೆತ್ತಿದ. ಮಾಲೀಕ ಎರಡು ಕೈ ಜೋಡಿಸಿಕೊಂಡು ಕೂತಿದ್ದ. ಅವನ ಹೆಂಡತಿ ದೂರದಲ್ಲಿ, ಬೆನ್ನು ಹಾಕಿ. ಅಜ್ಜಿಯ ತೊಡೆಯ ಮೇಲೆ ಮಗು ಗೊರಗೊರ ಉಸಿರಾಡುತ್ತಿತ್ತು. ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತ್ತು. "ಧಣಿಯ ಮನಸ್ಸು..." ಎಂದು ಬಾಯಿ ತೆರೆದ.

ಅಷ್ಟರಲ್ಲಿ ಅವನ ಕಣ್ಣು ಕೆಳಗಿನ ಸಾಲಿಗೆ ಜಾರಿತು. ಜಾರಿದ ಕಣ್ಣನ್ನು ಮತ್ತೆ ಮೇಲೆತ್ತಲು ಆಗಲಿಲ್ಲ. ಮುಂದೇನಾಯಿತೆಂದು ಅವನಿಗೇ ತಡೆಯಲಾರದಷ್ಟು ಕುತೂಹಲ. ತತ್ವವೂ ಅಲ್ಲ, ಧೈರ್ಯವೂ ಅಲ್ಲ. ಪುಟ ಅವನನ್ನು ಎಳೆದುಕೊಂಡು ಹೋಯಿತು. ಅಚ್ಚಾದದ್ದನ್ನು ಅಚ್ಚಾದ ಹಾಗೆ, ಓಡುವವನ ಹಾಗೆ, ಓದಿಬಿಟ್ಟ. ಕಾರ್ಮಿಕರು ಬೀಗ ಒಡೆಯಲಿಲ್ಲ. ಗಾಡಿಗೆ ರಾಣಿಯನ್ನು ಕಟ್ಟಿ, ಮಕ್ಕಳನ್ನು ಹತ್ತಿಸಿ, ಹೊಳೆಯಾಚೆ ಹೋಗಿ ತಮ್ಮದೇ ಒಂದು ಸೂರು ಎತ್ತಿ ಮಗ್ಗ ಹೂಡಿದರು. ಧಣಿ ದೊಡ್ಡ ಗಿರಣಿಯೊಳಗೆ ಒಬ್ಬನೇ ಉಳಿದ. ಸೈರನ್ನು ಮೊಳಗುವುದು ನಿಂತಿತ್ತು. ದಾರಿಯಲ್ಲಿ ಯಾರಾದರೂ ಹೋದರೆ ಕಿಟಕಿಯಿಂದ ತಲೆ ಹಾಕಿ, ಈಗ ಎಷ್ಟು ಹೊತ್ತಾಯಿತು ಎಂದು ಕೇಳುತ್ತಿದ್ದ. ಅಲ್ಲಿಗೆ ಮುಗಿಯಿತು.

ಪರದೆ ಮಾವ ಪುಸ್ತಕ ಮುಚ್ಚಿದ. ತಾನು ತಾರಸಿಯನ್ನು ಕೈಯಾರೆ ಕಳೆದೆನೆಂಬುದು ಆಮೇಲೆ ಹೊಳೆಯಿತು.

ಮೊದಲು ಮಾತಾಡಿದವರು ಇನ್ಸ್‌ಪೆಕ್ಟರು. "ಆ ವಾಕ್ಯ ಬರಲೇ ಇಲ್ಲವಲ್ಲ."

"ಇಲ್ಲ ಸಾರ್" ಎಂದ ಪರದೆ ಮಾವ. "ನಾನು ಓದಿರಲಿಲ್ಲ ಸಾರ್. ಸುಮ್ಮನೆ ಅಂದೆ."

ಇನ್ಸ್‌ಪೆಕ್ಟರು ಪುಸ್ತಕ ತೆಗೆದುಕೊಂಡು ಲೇಖಕರ ಹೆಸರು ನೋಡಿದರು. "ಇವರೇ ಬರೆದ ಬೇರೆ ಪುಸ್ತಕ ಇದೆಯಾ ಮೇಷ್ಟ್ರೇ? ಅದರಲ್ಲಿ ಇರಬಹುದು. ತನಿಖೆ ಅರ್ಧಕ್ಕೆ ಬಿಡೋ ಹಾಗಿಲ್ಲ."

ಮಾಲೀಕ ಎದ್ದ. ಎಲ್ಲರೂ ಅವನನ್ನೇ ನೋಡಿದರು. ಬೀಗ ಅವನ ಕೈಯಲ್ಲಿತ್ತು. "ಆ ಧಣಿ ಶುದ್ಧ ಪೆದ್ದ" ಎಂದ. "ಬಾಗಿಲು ಅವನ ಕಡೆಯಿಂದಲೇ ತೆಗೆಯೋ ಹಾಗಿತ್ತಲ್ಲ. ಹೊತ್ತು ಗೊತ್ತಾಗ್ದೆ ಬದುಕೋದು ಒಂದು ಬದುಕಾ?" ಆಮೇಲೆ ಅಭ್ಯರ್ಥಿಯ ಹಣೆಯ ಮೇಲೆ ಕೂತಿದ್ದವರಿಗೆ, "ಏಳ್ರಪ್ಪ. ಇದನ್ನ ಕೆಳಗೆ ತಗೊಂಡು ಹೋಗಿ. ಇಲ್ಲಿ ಜಾಗ ಇಲ್ಲ" ಎಂದು ಹೇಳಿ, ಯಾರ ಮುಖವನ್ನೂ ನೋಡದೆ ಇಳಿದು ಹೋದ. ಅವನ ಹೆಂಡತಿ ತಿರುಗಿ ನೋಡಿದಳು. ನೋಡಿ, ಸೆರಗು ಸರಿಮಾಡಿಕೊಂಡು ಹಿಂದೆಯೇ ಹೊರಟಳು. ಬೋರ್ಡಿನ ಆಳುಗಳು ಮಾತ್ರ ಇಳಿಯುವ ಮೊದಲು, ಮುಂದಿನ ಪುಸ್ತಕ ಯಾವತ್ತು ಶುರು ಎಂದು ವಿಚಾರಿಸಿಕೊಂಡರು.

ಮರುದಿನ ಬೆಳಿಗ್ಗೆ ತಾರಸಿಯ ಬಾಗಿಲು ಹಾರು ಹೊಡೆದಿತ್ತು. ಬಿಸಿಲು ಬೀಳುವಷ್ಟರಲ್ಲಿ ಕಟ್ಟಡದ ಬಟ್ಟೆಯೆಲ್ಲ ಮೇಲೆ ಬಂದು ಹಗ್ಗಗಳು ತುಂಬಿಹೋದವು. ಮಗುವಿನ ಬಟ್ಟೆಗೆ ಎಲ್ಲಕ್ಕಿಂತ ಒಳ್ಳೆಯ ಬಿಸಿಲಿನ ಜಾಗ. ಕೂಟದ ಎರಡೂ ಬಣಗಳು ಗೆದ್ದದ್ದು ತಮ್ಮ ನಿಲುವೇ ಎಂದು ಸಾಧಿಸಲು ಅಲ್ಲಿ ಹಾಜರಿದ್ದವು.

ಆಗ ಮಾಲೀಕನ ಹೆಂಡತಿ ಬಂದಳು. ಹಿಂದೆ ಮಾಲೀಕ, ಒದ್ದೆ ಬಟ್ಟೆಯ ಬಕೆಟ್ಟು ಹೊತ್ತುಕೊಂಡು. ಅವನು ಸಂಕೋಚದಿಂದ ಸುತ್ತ ನೋಡಿ ಪರದೆ ಮಾವನ ಬಳಿ ಬಂದು, "ಹಗ್ಗದಲ್ಲಿ ನಮಗೂ ಒಂಚೂರು ಜಾಗ ಸಿಗುತ್ತಾ?" ಎಂದು ಕೇಳಿದ.

ಪರದೆ ಮಾವ ಅಜ್ಜಿಯ ಕಡೆ ನೋಡಿದ. ಅಜ್ಜಿ ಮಗುವಿನ ಬಟ್ಟೆಗಳನ್ನು ಒತ್ತೊತ್ತಾಗಿ ಸರಿಸಿ, ಒಂದು ಗೇಣು ಜಾಗ ಬಿಡಿಸಿ, ಮಾಲೀಕನ ಷರಟನ್ನು ತಾನೇ ಕೊಡವಿ ಹರವಿದಳು. ಗಾಳಿಗೆ ಅದು ಜಾರತೊಡಗಿತು. ಮಾಲೀಕ ಪಕ್ಕದಲ್ಲಿದ್ದ ಅಜ್ಜಿಯ ಕ್ಲಿಪ್ಪಿಗೆ ಕೈ ಚಾಚಿದ. ಅಜ್ಜಿ ಅವನ ಕೈ ಹಿಡಿದಳು.

"ಹಗ್ಗ ಎಲ್ಲರದ್ದು" ಎಂದಳು. "ಕ್ಲಿಪ್ಪು ಅವರವರೇ ತರಬೇಕು."

ಮಾಲೀಕ ಕ್ಲಿಪ್ಪು ತರಲು ಕೆಳಗೆ ಓಡಿದ. ಭಾಮೈದನೂ ಕವಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಜಗಳ ಮರೆತು, ಕ್ಲಿಪ್ಪಿನಂಥ ವೈಯಕ್ತಿಕ ಆಸ್ತಿಗೂ ಗಿರಣಿಯಂಥ ಖಾಸಗಿ ಆಸ್ತಿಗೂ ಇರುವ ವ್ಯತ್ಯಾಸವನ್ನು ಈ ಅಜ್ಜಿ ಎಲ್ಲಿ ಓದಿದಳು ಎಂದು ಬಿಸಿಬಿಸಿ ಚರ್ಚೆಗೆ ಇಳಿದರು.